ದಣಿದ ಹೃದಯದೊಡನೆ ಬಾಳುವವರು

ಧೈರ್ಯವಂತನನ್ನು ಎದೆಗಾರನೆಂದು ಕರೆಯುವ ಭಾಷೆ ನಮ್ಮದು. ಅಂಜಿದವನು ಎದೆಗುಂದಿದನೆನ್ನುತ್ತೇವೆ. ಹೀಗಿರುವಾಗ ವೈದ್ಯರು ‘ಹೃದಯ ವೈಫಲ್ಯ’ವೆಂದು ಬರೆದುಕೊಟ್ಟರೆ ಕೇಳಿದವನ ಮನಸ್ಸಿಗೆ ಏನಾಗಬೇಡ? ಹೃದಯ ಇನ್ನೇನು ನಿಂತೇಹೋಗುವುದೆಂದು ಅವನು ತಿಳಿಯುತ್ತಾನೆ. ಅದರ ಅರ್ಥ ಹಾಗಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ತಳ್ಳುವ ಶಕ್ತಿ ಹೃದಯದಲ್ಲಿ ಕುಂದಿದೆ. ಆದುದರಿಂದ ಕಾಲಿನಲ್ಲಿ, ಶ್ವಾಸಕೋಶದಲ್ಲಿ ನೀರು ಸೇರುತ್ತದೆ. ರೋಗ ಹಗುರವಾದುದೇನೂ ಅಲ್ಲ. ಆದರೂ ಔಷಧದ ಬಲದಿಂದ ವರ್ಷಗಟ್ಟಲೆ ಬಾಳುವವರಿದ್ದಾರೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಕಡೆ ಮನುಷ್ಯನ ಬೆಲೆ ಅವನ ದುಡಿಮೆಯಿಂದ. ತೊಗರಿಯ ಹೊಲ, ಹಾಸುಗಲ್ಲಿನ ಗಣಿ, ಸಿಮೆಂಟಿನ ಕಾರ್ಖಾನೆ. ನಿನ್ನೆಯವರೆಗೆ ಕಲ್ಲು ಹೊತ್ತು ಲಾರಿಗೇರಿಸಿದವನು ಇಂದು ನೀರಿನ ಕೊಡವೆತ್ತಲಾರದೆ ಕಟ್ಟೆಯ ಮೇಲೆ ಕೂರುತ್ತಾನೆ. ಗಾಯವಿಲ್ಲ, ಜ್ವರವಿಲ್ಲ. ‘ಚೆನ್ನಾಗಿಯೇ ಇದ್ದಾನಲ್ಲ’ ಎಂದು ನೋಡಿದವರು ಆಡುವ ಮಾತು ಉಬ್ಬಸಕ್ಕಿಂತ ಹೆಚ್ಚಾಗಿ ನೋಯಿಸುತ್ತದೆ. ಇನ್ನು ರೊಟ್ಟಿ ಬಡಿಯುವ ಕೈಗೆ ರಜೆ ಕೊಡುವವರು ಯಾರು? ಆಕೆ ತನ್ನ ದಣಿವನ್ನು ಹೇಳುವುದೇ ಇಲ್ಲ.

ರಾತ್ರಿಯ ಭಯವೇ ಬೇರೆ. ಮಲಗಿದಾಗ ಕಾಲಿನಲ್ಲಿ ತಂಗಿದ್ದ ನೀರು ರಕ್ತಕ್ಕೆ ಮರಳಿ ಶ್ವಾಸಕೋಶವನ್ನು ಒತ್ತುತ್ತದೆ. ಒಂದೆರಡು ಗಂಟೆ ನಿದ್ರೆ ಹತ್ತಿತೋ ಇಲ್ಲವೋ, ಉಸಿರುಕಟ್ಟಿ ಎದ್ದು ಕೂರಬೇಕು. ಮರುದಿನ ಕತ್ತಲಾಗುವುದೆಂದರೇ ಅಂಜಿಕೆ. ಎರಡು ದಿಂಬು ಮೂರಾದುದನ್ನು ರೋಗಿ ಮುಚ್ಚಿಡುತ್ತಾನೆ. ಮಗನಿಗೆ ಮತ್ತೆ ಖರ್ಚೆಂಬ ಸಂಕೋಚ. ವೈದ್ಯರಿಗೆ ಬೇಕಾದ ಸುದ್ದಿ ಆ ಮೂರನೆಯ ದಿಂಬೇ! ಮೂರು ದಿನದಲ್ಲಿ 2 ಕಿಲೋ ತೂಕ ಏರಿದರೂ ಕೂಡಲೇ ತಿಳಿಸಬೇಕು.

ಉಪ್ಪಿನ ಮಾತು ಸಣ್ಣದಲ್ಲ. ದಿನಕ್ಕೆ 5 ಗ್ರಾಂ, ಅಂದರೆ ಚಹಾದ ಒಂದು ಚಮಚೆ. ಜೋಳದ ರೊಟ್ಟಿಯಿಂದ ತೊಂದರೆಯಿಲ್ಲ. ಉಪ್ಪು ಅಡಗಿರುವುದು ಶೇಂಗಾ ಹಿಂಡಿಯಲ್ಲಿ, ಉಪ್ಪಿನಕಾಯಿಯಲ್ಲಿ. ತನಗೊಬ್ಬನಿಗೇ ಸಪ್ಪೆ ಬೇಳೆ ಬಡಿಸಿದಾಗ ಪಂಕ್ತಿಯಿಂದ ಎಬ್ಬಿಸಿದಂತಾಗುತ್ತದೆ. ಮನೆಮಂದಿಯೆಲ್ಲ ಉಪ್ಪನ್ನು ತಗ್ಗಿಸಿಕೊಂಡರೆ ಯಾರಿಗೂ ನಷ್ಟವಿಲ್ಲವೆಂಬುದು ನನ್ನ ಅಭಿಪ್ರಾಯ. ಕೆಲವರಿಗೆ ನೀರಿಗೂ ಅಳತೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅದು ತಪಸ್ಸೇ ಸರಿ. ಆ ಅಳತೆಯನ್ನು ವೈದ್ಯರನ್ನು ಕೇಳಿಯೇ ಬದಲಿಸಬೇಕು.

ಹೇಳಲು ನಾಚುವ ಇನ್ನೊಂದು ಸಂಗತಿಯುಂಟು. ನೀರಿಳಿಸುವ ಮಾತ್ರೆ ನುಂಗಿದರೆ ಮೂತ್ರಕ್ಕೆ ಮೇಲಿಂದ ಮೇಲೆ ಹೋಗಬೇಕು. ಚಿಂಚೋಳಿಯಿಂದ ಕಲಬುರಗಿಗೆ ಬಸ್ಸು ಹತ್ತುವ ದಿನ, ಅದರಲ್ಲೂ ಹೆಂಗಸರು, ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಆಸ್ಪತ್ರೆಗೆ ಹೋಗುವ ದಿನವೇ ಔಷಧವಿಲ್ಲ. ಹೀಗೆಂದು ಬಾಯಿಬಿಟ್ಟು ಹೇಳಿದರೆ, ಅದನ್ನು ಪ್ರಯಾಣ ಮುಗಿದ ಮೇಲೆ ನುಂಗುವಂತೆ ವೈದ್ಯರು ಹೊತ್ತು ಬದಲಿಸಿಕೊಡಬಲ್ಲರು. 2024ರ ಡಿಸೆಂಬರಿನಲ್ಲಿ ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೊಸ ಕಟ್ಟಡವಾಯಿತು. ಸೋಲಾಪುರ, ಹೈದರಾಬಾದುಗಳ ಅಲೆದಾಟ ಹಲವರಿಗೆ ತಪ್ಪಿದೆ.

ಈ ರೋಗಿಗಳಲ್ಲಿ ಸುಮಾರು ಐವರಿಗೊಬ್ಬರನ್ನು ಖಿನ್ನತೆ ಕಾಡುತ್ತದೆ. ಹಸಿವಿಲ್ಲ, ಮಾತಿಲ್ಲ, ಮಾತ್ರೆಯೂ ಬೇಡ. ಮನೆಯವರು ಇದನ್ನು ಹಟವೆನ್ನುತ್ತಾರೆ. ಹಟವಲ್ಲ, ಇದೂ ಚಿಕಿತ್ಸೆಯುಳ್ಳ ಕಾಯಿಲೆ. ತೋರಿಸುವ ವೈದ್ಯರಿಗೇ ಹೇಳಬಹುದು. ಅಲ್ಲಿ ಬಾಯಿ ಬಾರದಿದ್ದರೆ 2022ರಿಂದ ಇರುವ ಸರಕಾರದ ಟೆಲಿ-ಮಾನಸ್ ದೂರವಾಣಿ 14416ಕ್ಕೆ ಮನೆಯಿಂದಲೇ, ಕನ್ನಡದಲ್ಲಿಯೇ ಮಾತನಾಡಬಹುದು.