ಜಾತ್ರೆಯ ರಸಮಂಜರಿ ಮತ್ತು ಮೊಬೈಲಿನಲ್ಲಿಲ್ಲದ ಸ್ವರ

ಐನಾಪುರದ ಓದುಗರೊಬ್ಬರ ಪ್ರಶ್ನೆ, ಅವರದೇ ಮಾತಿನಲ್ಲಿ: "ಸರ್, ಒಂದ್ ತಂಡದ ಹಾಡು ಮೊಬೈಲ್‌ದಾಗ ನೂರ ಸಲ ಕೇಳೇನ್ರಿ, ಬಾಯಿಪಾಠ ಆಗ್ಯಾವ. ಜಾತ್ರಿ ರಸಮಂಜರ್ಯಾಗ ಅದ ಹಾಡ ಕೇಳಿದಾಗ ಎದಿ ಝಲ್ಲ ಅಂತು. ಮೊಬೈಲ್‌ದಾಗ ಯಾಕ ಹಂಗ ಆಗಂಗಿಲ್ಲ?" ಇದರ ಹಿಂದೆಯೇ ಇನ್ನೆರಡು ಪ್ರಶ್ನೆಗಳಿವೆ. ಮಧ್ಯಾಹ್ನದಿಂದಲೇ ವೇದಿಕೆಯ ಬುಡದಲ್ಲಿ ಜಾಗ ಹಿಡಿದು ನಿಂತಿದ್ದ ಇವರ ಕಿವಿ ಮರುದಿನವೆಲ್ಲ ಸಿಳ್ಳೆ ಹೊಡೆಯುತ್ತಿತ್ತಂತೆ, ಅದೇಕೆ? ದೂರದ ತೋಟದ ಮನೆಯಲ್ಲಿದ್ದ ಅತ್ತೆಗೆ ಮಧ್ಯಾಹ್ನದ ಸೌಂಡ್ ಚೆಕ್ಕು ಒಂದಿಷ್ಟೂ ಕೇಳಿಸಲಿಲ್ಲ, ರಾತ್ರಿಯ ಹಾಡಿನ ಸಾಲು ಸಾಲೂ ಕೇಳಿಸಿತಂತೆ, ಅದು ಹೇಗೆ?

ಇಂಥ ಪ್ರಶ್ನೆಗೆ ಈಗ ಎಲ್ಲರ ಬಾಯಲ್ಲೂ ಒಂದೇ ಸಿದ್ಧ ಉತ್ತರ: ಡೋಪಮೈನ್. ಮೆಚ್ಚಿನ ಹಾಡು ಕೇಳಿ ಮೈ ಜುಮ್ಮೆಂದಾಗ ಮಿದುಳಿನಲ್ಲಿ ಡೋಪಮೈನ್ ಬಿಡುಗಡೆಯಾಗುತ್ತದೆ ಎಂದು 2011ರಲ್ಲಿ ಮಾಂಟ್ರಿಯಲ್‌ನ ಸಂಶೋಧಕರು ತೋರಿಸಿದ್ದು ನಿಜ. ಆದರೆ ಅದು ಎಂಟು ಮಂದಿಯನ್ನು ಸ್ಕ್ಯಾನರಿನೊಳಗೆ ಮಲಗಿಸಿ, ರೆಕಾರ್ಡ್ ಮಾಡಿದ ಸಂಗೀತ ಕೇಳಿಸಿ ಮಾಡಿದ ಪ್ರಯೋಗ. ರೆಕಾರ್ಡಿಗೂ ಅದೇ ಡೋಪಮೈನ್, ಜಾತ್ರೆಗೂ ಅದೇ ಎಂದಮೇಲೆ ವ್ಯತ್ಯಾಸ ಏಕೆ ಎಂಬ ಪ್ರಶ್ನೆ ಇದ್ದಲ್ಲೇ ಉಳಿಯಿತಲ್ಲ! ನಾನು ಮಿದುಳನ್ನು ಸದ್ಯಕ್ಕೆ ಬಿಟ್ಟು ಮೊಬೈಲನ್ನೇ ಬಿಚ್ಚಿ ನೋಡುತ್ತೇನೆ.

ಮೊಬೈಲಿನ ಸ್ಪೀಕರಿನ ಪೊರೆ ಬೆರಳುಗುರಿಗಿಂತ ದೊಡ್ಡದೇನಲ್ಲ. ಕೆಳಸ್ವರ ಹೊರಡಿಸಲು ಬಹಳಷ್ಟು ಗಾಳಿಯನ್ನು ತಳ್ಳಬೇಕು, ಅದು ಇದರ ಕೈಲಾಗದ ಕೆಲಸ. ಸೆಕೆಂಡಿಗೆ ಮುನ್ನೂರು ಕಂಪನಕ್ಕಿಂತ, ಅಂದರೆ 300 ಹರ್ಟ್ಜ್‌ಗಿಂತ ಕೆಳಗೆ ಹೋದಂತೆ ಅದರ ದನಿ ಸರ್ರನೆ ಬತ್ತುತ್ತದೆ. ಬೇಸ್ ಗಿಟಾರಿನ ದಪ್ಪ ತಂತಿ ನುಡಿಯುವುದೋ 41 ಹರ್ಟ್ಜ್‌ನಲ್ಲಿ. ಎಂದಮೇಲೆ ಮೊಬೈಲಿನಲ್ಲಿ ಆ ಸ್ವರ ಇರಲೇಬಾರದು. ಆದರೂ ನಮಗೆ ಬೇಸ್ ಗಿಟಾರಿನ ನಡೆ ಕೇಳಿಸುತ್ತದೆ, ಗುನುಗಲೂ ಬರುತ್ತದೆ. ಇಲ್ಲದ ಸ್ವರ ಎಲ್ಲಿಂದ ಬಂತು?

ಇದಕ್ಕೆ ಐನಾಪುರದವರು ಬಹಳ ದೂರ ಹೋಗಬೇಕಿಲ್ಲ. ಶೇಡಬಾಳ ದಾಟಿ, ಗಡಿ ದಾಟಿದರೆ ಮಿರಜ. ಆಸ್ಪತ್ರೆಗೆಂದು ಹೋಗುವವರೇ ಹೆಚ್ಚು. ಆದರೆ ಅಲ್ಲಿ ತಲೆಮಾರುಗಳಿಂದ ಸಿತಾರ್, ತಂಬೂರಿ ಮಾಡುವವರ ಓಣಿಯೇ ಇದೆ. 2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅಲ್ಲಿನ ಕಸುಬುದಾರರು ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದು ನೂಲೆಳೆ ಸಿಕ್ಕಿಸಿ, ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಕೂರುತ್ತಾರೆ. ಒಂದು ಜಾಗದಲ್ಲಿ ತಂತಿ ಥಟ್ಟನೆ ಝೇಂಕರಿಸುತ್ತದೆ. ಅದೇ ಜವಾರಿ.

ಈ ಝೇಂಕಾರ ಸಿ.ವಿ. ರಾಮನ್ ಅವರನ್ನು ಹಿಡಿದು ನಿಲ್ಲಿಸಿತ್ತು. ಬೆಳಕಿನ ಚದರಿಕೆಗೆ ನೊಬೆಲ್ ಬರುವುದಕ್ಕೆ ಒಂಬತ್ತು ವರ್ಷ ಮೊದಲು, 1921ರಲ್ಲಿ, ಕಲ್ಕತ್ತೆಯಲ್ಲಿದ್ದ ಅವರು ತಂಬೂರಿ ಮತ್ತು ವೀಣೆಯ ಬಗ್ಗೆ ಒಂದು ಪುಟ್ಟ ಪ್ರಬಂಧ ಬರೆದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ ಅಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟುವುದೇ ಇಲ್ಲ ಎಂಬುದು ಆಗಿನ ಪುಸ್ತಕಗಳ ನಿಯಮ. ತಂಬೂರಿಯಲ್ಲಿ ಮಾತ್ರ ಇರಬಾರದ ಆ ಉಪಸ್ವರಗಳೂ ಗಟ್ಟಿಯಾಗಿಯೇ ಕೇಳಿಸುತ್ತಿದ್ದವು. ಬಾಗಿದ ಕುದುರೆಯನ್ನು ತಂತಿ ಮತ್ತೆ ಮತ್ತೆ ಸವರುವುದೇ ಕಾರಣ ಎಂದರು ರಾಮನ್. ಅಂತೂ ತಂಬೂರಿಯ ಒಂದು ತಂತಿ ಮೀಟಿದರೆ ಹೊರಡುವುದು ಒಂದು ಸ್ವರವಲ್ಲ, ಸ್ವರಗಳ ಒಂದು ಸಂತೆ.

ಗಂಡಸರ ತಂಬೂರಿಯ ಖರ್ಜದ ತಂತಿ ಸುಮಾರು 70 ಹರ್ಟ್ಜ್ ಎನ್ನಿ. ಅದರ ಉಪಸ್ವರಗಳು 140, 210, 280, 350, 420, ಹೀಗೆ ಎಪ್ಪತ್ತೆಪ್ಪತ್ತರ ಮೆಟ್ಟಿಲು. ಮೊಬೈಲು ಕೆಳಗಿನ ಮೆಟ್ಟಿಲುಗಳನ್ನೆಲ್ಲ ನುಂಗಿ 350ರಿಂದ ಮೇಲಿನವನ್ನಷ್ಟೇ ಕೊಡುತ್ತದೆ. ಕಬ್ಬಿನ ಪಡದ ಆಚೆ ಎತ್ತಿನ ಕೊರಳಗಂಟೆ ಕೇಳಿಸಿದರೆ ಬಂಡಿ ಬರುತ್ತಿದೆ ಎಂದುಕೊಳ್ಳುತ್ತೇವಲ್ಲ, ಬಂಡಿ ಕಣ್ಣಿಗೆ ಬಿದ್ದಿರುವುದಿಲ್ಲ. ಮಿದುಳೂ ಎಪ್ಪತ್ತರ ಅಂತರವನ್ನು ಗುರುತಿಸಿ, ಬುಡದಲ್ಲಿ 70 ಇದ್ದೇ ಇದೆ ಎಂದು ಲೆಕ್ಕ ಹಾಕಿ ಅದನ್ನು ನಮಗೆ ಕೇಳಿಸಿಬಿಡುತ್ತದೆ.

ಇದನ್ನು ಮೊದಲು ಹಿಡಿದದ್ದು ಜರ್ಮನಿಯ ಆಗಸ್ಟ್ ಸೀಬೆಕ್, 1840ರ ದಶಕದ ಆರಂಭದಲ್ಲಿ. ಆತನ ಉಪಕರಣ ಎಂದರೆ ತೂತು ಕೊರೆದ ಒಂದು ತಟ್ಟೆ. ಅದನ್ನು ತಿರುಗಿಸುತ್ತ ತೂತುಗಳಿಗೆ ಗಾಳಿ ಊದುವುದು. ತೂತುಗಳ ಅಂತರ ಬದಲಿಸುತ್ತ ಹೋದಾಗ, ಮೂಲಸ್ವರದ ಬಲ ತೀರ ಕ್ಷೀಣವಾಗಿದ್ದರೂ ಕಿವಿ ಅದನ್ನೇ ದೊಡ್ಡದಾಗಿ ಕೇಳಿಸಿಕೊಳ್ಳುತ್ತಿತ್ತು. ಇದನ್ನು ಒಪ್ಪದೆ ಎದ್ದುನಿಂತವರು ಯಾರು ಗೊತ್ತೇ? ವಿದ್ಯುತ್ತಿನ ನಿಯಮದ ಜಾರ್ಜ್ ಓಮ್! ಸೀಬೆಕ್ ಕೇಳಿದ್ದು ಕಿವಿಯ ಭ್ರಮೆ ಎಂದುಬಿಟ್ಟರು ಓಮ್. ಸ್ವರ ಯಾವುದು ಎಂದು ತೀರ್ಮಾನಿಸಲು ಕಿವಿಯಲ್ಲದೆ ಬೇರೆ ನ್ಯಾಯಾಧೀಶ ಯಾರಿದ್ದಾರೆ ಎಂಬರ್ಥದಲ್ಲಿ ಸೀಬೆಕ್ ತಿರುಗಿ ಕೇಳಿದರು. ನನಗೆ ಈ ಜಗಳದಲ್ಲಿ ಸೀಬೆಕ್ ಕಡೆಯೇ ಒಲವು. ಆದರೆ ಹೆಲ್ಮ್‌ಹೋಲ್ಟ್ಸ್ ಅಂಥ ದಿಗ್ಗಜ ಓಮ್ ಪಕ್ಷ ವಹಿಸಿದ್ದರಿಂದ ಸೀಬೆಕ್ ಮಾತು ಮೂಲೆಗೆ ಬಿತ್ತು. 1940ರ ಸುಮಾರಿಗೆ ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದ ಯಾನ್ ಸ್ಕೌಟನ್ ಅದನ್ನು ಮತ್ತೆ ಎತ್ತಿ ಹಿಡಿಯುವವರೆಗೆ ಸುಮಾರು ನೂರು ವರ್ಷ ಕಳೆದಿತ್ತು.

ಹೀಗಾಗಿ ಮೊಬೈಲಿನ ಹಾಡು ಕಿವಿಗೆ ಪೂರ್ತಿ ಅನ್ನಿಸುತ್ತದೆ. ಆದರೆ ಮಿದುಳು ಕಟ್ಟಿಕೊಟ್ಟ ಈ ಬೇಸ್ ಸ್ವರಕ್ಕೆ ಗಾಳಿಯಲ್ಲಿ ಅಸ್ತಿತ್ವವೇ ಇಲ್ಲ. ಅದು ಎದೆಗೂಡನ್ನು ನಡುಗಿಸಲಾರದು, ಅಂಗಾಲಿಗೆ ನೆಲದ ಅದುರುವಿಕೆಯನ್ನು ಮುಟ್ಟಿಸಲಾರದು. ಒಳ್ಳೆಯ ಇಯರ್‌ಫೋನು ನಿಜವಾದ ಬೇಸನ್ನೇ ಕೊಡುತ್ತದೆ, ಸರಿ. ಆದರೆ ಕಿವಿಯ ತಮಟೆಗೆ ಮಾತ್ರ. ರಸಮಂಜರಿಯಲ್ಲಿ ಆಳೆತ್ತರದ ಪೆಟ್ಟಿಗೆಗಳು ಇಡೀ ಮೈಯನ್ನು ಅಲೆಯಲ್ಲಿ ಅದ್ದುತ್ತವೆ. 30 ಹರ್ಟ್ಜ್‌ನ ಒಂದು ಅಲೆ ಹನ್ನೊಂದು ಮೀಟರಿಗೂ ಉದ್ದ. ಚರ್ಮದಡಿಯ ಸ್ಪರ್ಶಗ್ರಾಹಿಗಳು, ಒಳಗಿವಿಯಲ್ಲಿ ಸಮತೋಲ ಕಾಯುವ ಅಂಗ, ಎರಡೂ ಇಂಥ ಕಂಪನಕ್ಕೆ ಎಚ್ಚರಗೊಳ್ಳುತ್ತವೆ.

ಇದು ಬರೀ ಊಹೆಯಲ್ಲ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಸಂಗೀತ ಕಛೇರಿಗೆಂದೇ ಕಟ್ಟಿದ ಪ್ರಯೋಗಾಲಯವಿದೆ. ಸ್ವತಃ ಡ್ರಮ್ ಬಾರಿಸುವ ನರವಿಜ್ಞಾನಿ ಡೇನಿಯಲ್ ಕ್ಯಾಮರಾನ್ ಮತ್ತು ಸಂಗಡಿಗರು ಅಲ್ಲಿ ಆರ್ಫೆಕ್ಸ್ ಎಂಬ ಎಲೆಕ್ಟ್ರಾನಿಕ್ ಸಂಗೀತದ ಜೋಡಿಯಿಂದ ನಿಜವಾದ ಕಾರ್ಯಕ್ರಮವನ್ನೇ ಮಾಡಿಸಿದರು. ಬಂದವರು ಅಭಿಮಾನಿಗಳು. ಅವರ ತಲೆಗೆ ಚಲನೆ ಅಳೆಯುವ ಪಟ್ಟಿ. 8ರಿಂದ 37 ಹರ್ಟ್ಜ್‌ನ ಅತಿ ಕೆಳಗಿನ ಧ್ವನಿಯ ಸ್ಪೀಕರುಗಳನ್ನು ಎರಡೂವರೆ ನಿಮಿಷಕ್ಕೊಮ್ಮೆ ಹಚ್ಚುವುದು, ಆರಿಸುವುದು. 2022ರಲ್ಲಿ ಪ್ರಕಟವಾದ ಫಲಿತಾಂಶ: ಅವು ಹಚ್ಚಿದ್ದಾಗ ಜನ ಶೇಕಡಾ 11.8ರಷ್ಟು ಹೆಚ್ಚು ಕುಣಿದರು. ಅದಕ್ಕಿಂತ ಸ್ವಾರಸ್ಯದ ಮಾತು ಇನ್ನೊಂದಿದೆ. ಆಮೇಲೆ ಬೇರೆ ಜನರನ್ನು ಕೂರಿಸಿ, ಈಗ ಆ ಸ್ಪೀಕರು ನುಡಿಯುತ್ತಿದೆಯೋ ಇಲ್ಲವೋ ಹೇಳಿ ಎಂದರೆ, ಅವರಿಂದ ಹೇಳಲಾಗಲಿಲ್ಲ. ಗೊತ್ತೇ ಆಗದ ಧ್ವನಿಗೆ ಮೈ ಕುಣಿದಿತ್ತು.

ಹಾಗೆಂದು ಬೇಸೇ ಸರ್ವಸ್ವ ಎನ್ನಲಾರೆ. ಮಿರಜದ ದರ್ಗಾದಲ್ಲಿ ಪ್ರತಿವರ್ಷ ಉರುಸಿಗೆ ಹಾಡುತ್ತಿದ್ದ, ಅಲ್ಲಿಯೇ ಮಣ್ಣಾದ ಅಬ್ದುಲ್ ಕರೀಂ ಖಾನರ ಗ್ರಾಮೊಫೋನ್ ತಟ್ಟೆ ಕೇಳಿಯೇ ಗದುಗಿನ ಹುಡುಗ ಭೀಮಸೇನ ಹಾಡಿನ ಹುಚ್ಚು ಹತ್ತಿಸಿಕೊಂಡಿದ್ದು. ಆ ಕಾಲದ ತಟ್ಟೆಯಲ್ಲಿ ಹೇಳಿಕೊಳ್ಳುವಂಥ ಬೇಸ್ ಇರಲಿಲ್ಲ. ಖಾನರು 1937ರಲ್ಲಿ ತೀರಿಕೊಂಡ ಮೇಲೆ ಅವರ ನೆನಪಿಗೆ ಅದೇ ದರ್ಗಾದಲ್ಲಿ ರಾತ್ರಿಯಿಡೀ ಸಂಗೀತ ನಡೆಯುತ್ತ ಬಂದಿದೆ. ಅಲ್ಲಿ ಎದೆ ಬಡಿಯುವ ಪೆಟ್ಟಿಗೆಗಳಿಲ್ಲ, ಜನ ಮಾತ್ರ ನೆರೆಯುತ್ತಾರೆ.

ಜನ ಎಂದಾಗ ಚಪ್ಪಾಳೆಯ ವಿಷಯ ಹೇಳಲೇಬೇಕು. ಹಾಡು ಮುಗಿದು 'ಒನ್ಸ್ ಮೋರ್' ಕೂಗು ಎದ್ದಾಗ ಗಮನಿಸಿ. ಮೊದಲು ಮಳೆ ಸುರಿದಂತೆ ಅಡ್ಡಾದಿಡ್ಡಿ ಚಪ್ಪಾಳೆ, ಆಮೇಲೆ ಯಾರೂ ಹೇಳದೆ ಇಡೀ ಮೈದಾನ ಒಂದೇ ತಾಳಕ್ಕೆ ಬೀಳುತ್ತದೆ. ರುಮೇನಿಯಾ, ಹಂಗೆರಿಗಳ ರಂಗಮಂದಿರಗಳಲ್ಲಿ ಇದನ್ನು ಧ್ವನಿಮುದ್ರಿಸಿ ಝೋಲ್ತಾನ್ ನೇದಾ ಮತ್ತು ಜೊತೆಗಾರರು 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ತಾಳ ಕೂಡುವ ಹೊತ್ತಿಗೆ ಪ್ರತಿಯೊಬ್ಬರೂ ತಮಗರಿವಿಲ್ಲದೆ ಚಪ್ಪಾಳೆಯ ವೇಗವನ್ನು ಅರ್ಧಕ್ಕೆ ಇಳಿಸಿಕೊಂಡಿರುತ್ತಾರೆ. ನಿಧಾನಕ್ಕೆ ತಟ್ಟುವಾಗ ಒಬ್ಬರಿಗೊಬ್ಬರಿಗೆ ವ್ಯತ್ಯಾಸ ಕಡಿಮೆ, ಅದಕ್ಕೇ ಕೂಡಿಬರುತ್ತದೆ. ಆದರೆ ಅರ್ಧ ವೇಗ ಎಂದರೆ ಒಟ್ಟು ಗದ್ದಲವೂ ತಗ್ಗಿತು. ಹುರುಪಿನ ಜನ ಅದನ್ನು ತುಂಬಲು ಮತ್ತೆ ಜೋರಾಗಿ ತಟ್ಟುತ್ತಾರೆ, ತಾಳ ಒಡೆಯುತ್ತದೆ, ಮತ್ತೆ ಕೂಡುತ್ತದೆ. ಗದ್ದಲ ಬೇಕೆಂದರೆ ಮೇಳವಿಲ್ಲ, ಮೇಳ ಬೇಕೆಂದರೆ ಗದ್ದಲವಿಲ್ಲ. ದೊಡ್ಡ ಮೈದಾನದಲ್ಲಿ ಇನ್ನೊಂದು ತೊಡಕು: ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ಸಾಗುವುದರಿಂದ ನೂರು ಮೀಟರು ಹಿಂದಿರುವವರ ಚಪ್ಪಾಳೆ ವೇದಿಕೆಗೆ ಮುಟ್ಟುವಾಗ ಸೆಕೆಂಡಿನ ಸುಮಾರು ಮೂರನೇ ಒಂದು ಭಾಗ ತಡ. ಗಾಯಕ ಮೈಕನ್ನು ಜನರತ್ತ ಹಿಡಿದು ಹಾಡಿಸುವಾಗ ಹಿಂದಿನ ಸಾಲಿನವರು ಎಳೆದಂತೆ ಕೇಳಿಸುವುದು ಇದಕ್ಕೇ, ಅವರಿಗೆ ತಾಳಜ್ಞಾನ ಇಲ್ಲವೆಂದಲ್ಲ.

ಅತ್ತೆಯ ಪ್ರಶ್ನೆ ಸುಲಭದ್ದು. ಹಗಲು ಕಾದ ನೆಲದ ಹತ್ತಿರ ಬಿಸಿಗಾಳಿ, ಮೇಲೆ ತಂಪು. ಸದ್ದು ತಂಪಿನ ಕಡೆ ಬಾಗುತ್ತದೆ, ಆಕಾಶಕ್ಕೆ ಹೋಗುತ್ತದೆ. ರಾತ್ರಿ ನೆಲ ಮೊದಲು ತಣಿದು ಪರಿಸ್ಥಿತಿ ತಿರುವುಮುರುವು. ಮೇಲೆ ಹೋಗಬೇಕಾದ ಸದ್ದು ಬಾಗಿ ಕೆಳಗಿಳಿದು ಕೃಷ್ಣೆಯ ದಂಡೆಯ ತೋಟಗಳಿಗೆ ಮುಟ್ಟುತ್ತದೆ.

ಉಳಿದದ್ದು ಸಿಳ್ಳೆ ಹೊಡೆದ ಕಿವಿ. 'ಎರಡು ದಿನಕ್ಕ ತಾನ ಹೋಗತೈತಿ' ಎಂದು ಎಲ್ಲರೂ ಅನ್ನುತ್ತಾರೆ, ಹೋಗುತ್ತದೆ ಕೂಡ. ಆದರೆ 2009ರಲ್ಲಿ ಅಮೆರಿಕದ ಶ್ಯಾರನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಇಲಿಗಳಿಗೆ ಎರಡು ತಾಸು 100 ಡೆಸಿಬಲ್ ಸದ್ದು ಕೇಳಿಸಿ ನೋಡಿದರು. ಕೆಲವು ವಾರಗಳಲ್ಲಿ ಅವುಗಳ ಶ್ರವಣ ಪರೀಕ್ಷೆ ಮೊದಲಿನಂತಾಯಿತು. ಕಿವಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಮಾತ್ರ, ಪೆಟ್ಟು ಬಿದ್ದ ಭಾಗದಲ್ಲಿ ಶ್ರವಣಕೋಶಕ್ಕೂ ನರಕ್ಕೂ ನಡುವಣ ಕೊಂಡಿಗಳಲ್ಲಿ ಅರ್ಧದಷ್ಟು ಕಳಚಿಹೋಗಿದ್ದವು. ಇಲಿಯ ಕಿವಿ ಮನುಷ್ಯನ ಕಿವಿಯಲ್ಲ, ನಿಜ. ಆದರೆ ಅದನ್ನೇ ನೆಚ್ಚಿ ನಿರಾಳವಾಗಿರುವಷ್ಟು ಧೈರ್ಯ ನನಗಂತೂ ಇಲ್ಲ.

ಕಾರ್ಮಿಕರ ಕಿವಿಯ ರಕ್ಷಣೆಗೆ ಅಮೆರಿಕದ ತಜ್ಞರು ಹಾಕಿಕೊಟ್ಟ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ: 85 ಡೆಸಿಬಲ್ ಆದರೆ ಎಂಟು ತಾಸು. ಮುಂದೆ ಪ್ರತಿ 3 ಡೆಸಿಬಲ್ ಏರಿದಾಗ ಅವಧಿ ಅರ್ಧ. 100ಕ್ಕೆ ಬಂದಾಗ ಉಳಿಯುವುದು ಹದಿನೈದೇ ನಿಮಿಷ. ಸಂಗೀತ ಕಾರ್ಯಕ್ರಮಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಗೊತ್ತುಮಾಡಿದ ಸರಾಸರಿ ಮಿತಿಯೂ ಅದೇ 100. ಇನ್ನು ಡಾಲ್ಬಿ ಹಚ್ಚಿದ ಮೆರವಣಿಗೆಯಲ್ಲಿ ಪೆಟ್ಟಿಗೆಗೆ ಕಿವಿಕೊಟ್ಟು ಕುಣಿಯುವವರಿಗೆ ಈ ಲೆಕ್ಕ ಹೇಳಿ ಉಪಯೋಗವಿಲ್ಲ, ಕೇಳಿಸುವುದಿಲ್ಲ.

ಬಯಲಿನಲ್ಲಿ ಒಂದು ಪೆಟ್ಟಿಗೆಯಿಂದ ದೂರ ದುಪ್ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಐದು ಮೀಟರಿನಲ್ಲಿ ನಿಂತವರು ಇಪ್ಪತ್ತಕ್ಕೆ ಸರಿದರೆ 12 ಇಳಿದಂತೆ. ಹದಿನೈದು ನಿಮಿಷದ ಲೆಕ್ಕ ನಾಲ್ಕು ತಾಸಾಗುತ್ತದೆ, ಪೂರ್ತಿ ರಸಮಂಜರಿ ಮುಗಿಯುವಷ್ಟು. ಬೇಸೂ ಇಳಿಯುತ್ತದಲ್ಲ ಎಂದು ಓದುಗರು ತಕರಾರು ತೆಗೆಯಬಹುದು. ಇಳಿಯಲಿ. ಕೆನಡಾದಲ್ಲಿ ಜನರನ್ನು ಕುಣಿಸಿದ ಬೇಸ್ ಇದ್ದದ್ದೇ ಯಾರಿಗೂ ಗೊತ್ತಾಗಿರಲಿಲ್ಲ.