ಸಿ.ಟಿ. ಸ್ಕ್ಯಾನ್‌ಗೆ ಮೊದಲು ಮರೆಯದೆ ಹೇಳಿ

ಹೊಟ್ಟೆಯ ಅಂಗಗಳು, ಮೂತ್ರಪಿಂಡ, ಮೂತ್ರನಾಳ ಮತ್ತು ಮೂತ್ರಕೋಶ ಸ್ಪಷ್ಟವಾಗಿ ಕಾಣಲೆಂದು ಕೈಯ ರಕ್ತನಾಳಕ್ಕೆ ಅಯೋಡಿನ್ ಇರುವ ಕಾಂಟ್ರಾಸ್ಟ್ ಔಷಧಿ ಕೊಡುತ್ತಾರೆ. ಇದು ಮೂತ್ರಪಿಂಡಗಳ ಮೂಲಕವೇ ಹೊರಹೋಗುತ್ತದೆ. ಆದ್ದರಿಂದ ವೈದ್ಯರು ಹೇಳಿದ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿಯನ್ನು ತಪ್ಪದೆ ತನ್ನಿ.

ಮೊದಲೇ ತಿಳಿಸಬೇಕಾದವು:

1. ಹಿಂದೆ ಈ ಇಂಜೆಕ್ಷನ್‌ನಿಂದ ತುರಿಕೆ, ದದ್ದು, ಉಸಿರಾಟದ ತೊಂದರೆ ಆಗಿದ್ದರೆ.
2. ಅಸ್ತಮಾ, ಥೈರಾಯ್ಡ್ ಅಥವಾ ಮೂತ್ರಪಿಂಡದ ಕಾಯಿಲೆ ಇದ್ದರೆ.
3. ಗರ್ಭಿಣಿಯಾಗಿರುವ ಸಂಶಯವಿದ್ದರೆ.
4. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಇದನ್ನು ಸ್ಕ್ಯಾನ್ ನಂತರ 48 ಗಂಟೆ ನಿಲ್ಲಿಸಲು ವೈದ್ಯರು ಹೇಳಬಹುದು. ನೀವಾಗಿಯೇ ನಿಲ್ಲಿಸಬೇಡಿ.

ಸಾಮಾನ್ಯವಾಗಿ 4 ಗಂಟೆ ಮೊದಲಿನಿಂದ ಊಟ, ತಿಂಡಿ, ಚಹಾ ಬೇಡ. ನೀರು ಎಷ್ಟು ಕುಡಿಯಬೇಕು, ಮೂತ್ರಕ್ಕೆ ಹೋಗಬಹುದೇ ಎಂದು ಕೇಳಿಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ಕೇಳದೆ ಇನ್ಸುಲಿನ್ ತೆಗೆದುಕೊಳ್ಳಬೇಡಿ.

ಇಂಜೆಕ್ಷನ್ ಹೋಗುವಾಗ ಮೈ ಬಿಸಿಯಾಗುವುದು, ಬಾಯಿ ಕಹಿಯಾಗುವುದು, ಮೂತ್ರ ಹೋದಂತೆ ಅನಿಸುವುದು ಸಹಜ. ಸ್ವಲ್ಪ ಹೊತ್ತಿನಲ್ಲೇ ಹೋಗುತ್ತದೆ. ತುರಿಕೆ ಅಥವಾ ಉಸಿರುಕಟ್ಟಿದಂತೆ ಆದರೆ ತಕ್ಷಣ ಕೂಗಿ ಹೇಳಿ. ನಂತರ ವೈದ್ಯರು ಬೇಡವೆನ್ನದಿದ್ದರೆ ನೀರು ಹೆಚ್ಚು ಕುಡಿಯಿರಿ.

ಗಾಬರಿಯಲ್ಲಿ ರೋಗಿ ಮರೆಯಬಹುದು. ಜೊತೆಗೆ ಬಂದವರೇ, ನುಂಗುವ ಮಾತ್ರೆಗಳ ಚೀಟಿಯನ್ನೂ ಹಳೆಯ ವರದಿಗಳನ್ನೂ ನೀವೇ ತೋರಿಸಿ.