ಕಾಕೂನ ಕನ್ವಿನ್ಸ್ ಮಾಡಲು ಹೋಗಿ...

‘ನೀವೂ ಕನ್ನಡದವರು, ಅವರೂ ಕನ್ನಡದವರು. ನೀವೇ ಹೋಗಿ ಕನ್ವಿನ್ಸ್ ಮಾಡಿ’ ಎಂದು ಸೊಸೈಟಿಯ ಕಾರ್ಯದರ್ಶಿ ಜವಾಬ್ದಾರಿಯನ್ನು ನನ್ನ ಹೆಗಲಿಗೆ ಹಾಕಿಬಿಟ್ಟರು.

ನಾನಿರುವುದು ಮುಂಬೈಯ ವಿಕ್ರೋಳಿ ಪೂರ್ವದ ಕನ್ನಮವಾರ್ ನಗರದಲ್ಲಿ. ಧಾರವಾಡದಿಂದ ಬಂದ ಹೊಸತರಲ್ಲಿ ಹೆಸರು ಕೇಳಿ ಇದು ಕನ್ನಡದ್ದೇ ಎಂದುಕೊಂಡಿದ್ದೆ! ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿದ್ದಾಗಲೇ 1963ರಲ್ಲಿ ತೀರಿಕೊಂಡ ಮಾರೋತರಾವ್ ಕನ್ನಮವಾರ್ ಅವರ ಹೆಸರಿನ ಮ್ಹಾಡಾ ಕಾಲೊನಿ ಇದು. ಈಗ ಇಲ್ಲಿ ಹಳೆಯ ಕಟ್ಟಡಗಳನ್ನು ಕೆಡವಿ ಟವರ್ ಕಟ್ಟುವ ಭರಾಟೆ. ನಮ್ಮ ಕಟ್ಟಡದ ಸರದಿಯೂ ಬಂದಿತ್ತು. ಎಲ್ಲರೂ ಸಹಿ ಹಾಕಿದ್ದರು, ಕೆಳಮನೆಯ ಕಾಕೂ ಒಬ್ಬರನ್ನು ಬಿಟ್ಟು. ವಿಜಯಪುರ ಕಡೆಯವರು, ಎಪ್ಪತ್ತು ದಾಟಿದ ಒಂಟಿ ಜೀವ.

ಗಿರಾಕಿಗಳನ್ನು ಒಪ್ಪಿಸುವುದೇ ನನ್ನ ನೌಕರಿ. ಅದಕ್ಕೆ ಬೇಕಾದ ಇಂಗ್ಲಿಷ್ ಪದಗಳೆಲ್ಲ ನಾಲಿಗೆಯ ತುದಿಯಲ್ಲಿವೆ. ಮೆಲ್ಲಗೆ ಪುಸಲಾಯಿಸಿದರೆ ‘ಕೋಕ್ಸ್’, ಬೆಣ್ಣೆ ಹಚ್ಚಿದರೆ ‘ಬಟರ್ ಅಪ್’, ಮಾತಾಡಿ ಮಾತಾಡಿಯೇ ಒಪ್ಪಿಸಿದರೆ ‘ಟಾಕ್ ಇನ್‌ಟು’, ಒತ್ತಡ ಹಾಕಿದರೆ ‘ಆರ್ಮ್ ಟ್ವಿಸ್ಟಿಂಗ್’. ನಮ್ಮ ಸಾಮ, ದಾನ, ಭೇದ, ದಂಡಗಳೇ ಟೈ ಕಟ್ಟಿಕೊಂಡು ಬಂದಂತೆ.

ಮೊದಲ ದಿನ ಕಾಗದದ ಮೇಲೆ ಲೆಕ್ಕ ಬರೆದುಕೊಂಡೇ ಹೋದೆ. ದೊಡ್ಡ ಮನೆ, ಲಿಫ್ಟ್, ಕಟ್ಟುವವರೆಗೆ ಬಿಲ್ಡರ್ ಕೊಡುವ ಬಾಡಿಗೆ. ಕಾಕೂ ಚಹಾ ಕೊಟ್ಟರು. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಅಂದರು: ‘ತಮ್ಮಾ, ನನ್ನ ಸೋಲಸಾಕ ಬಂದೀಯೋ, ನನ್ನ ಮಾತು ಕೇಳಾಕ ಬಂದೀಯೋ?’

ಆ ರಾತ್ರಿ ನಿಘಂಟು ತೆಗೆದೆ. ‘ಕನ್ವಿನ್ಸ್’ ಪದದ ಬೇರು ಲ್ಯಾಟಿನ್‌ನ ‘ವಿಂಕೆರೆ’, ಅಂದರೆ ಗೆಲ್ಲುವುದು. ಕಾಕೂ ನಿಘಂಟು ನೋಡದೆಯೇ ಅದನ್ನು ಹಿಡಿದಿದ್ದರು. ‘ಕೋಕ್ಸ್’ ಪದಕ್ಕೆ ಹಿಂದೊಮ್ಮೆ ಮೂರ್ಖನನ್ನಾಗಿಸು ಎಂಬ ಅರ್ಥವಿತ್ತಂತೆ. ‘ಪರ್ಸ್ವೇಡ್’ ಮಾತ್ರ ಬೇರೆ. ಅದರ ಮೂಲದಲ್ಲಿರುವುದು ಸಿಹಿ. ನಮ್ಮ ‘ಸ್ವಾದ’ಕ್ಕೂ ಅದಕ್ಕೂ ದೂರದ ನೆಂಟಸ್ತನ. ಮರಾಠಿಯವರು ‘ಮನ ವಳವಣೆ’ ಅನ್ನುತ್ತಾರೆ, ಮನಸ್ಸನ್ನು ತಿರುಗಿಸುವುದು. ನಾವು ‘ಮನವೊಲಿಸು’ ಅನ್ನುತ್ತೇವೆ. ಅದರೊಳಗೆ ‘ಒಲವು’ ಇದೆ. ಒಲಿಯುವ ಕೆಲಸ ಎದುರಿನವರದು, ನಮ್ಮದಲ್ಲ.

ಮುಂದಿನ ಭಾನುವಾರ ಬರಿಗೈಯಲ್ಲಿ ಹೋದೆ. ‘ಏನು ತೊಂದರೆ ಹೇಳಿ ಕಾಕೂ’ ಅಂದೆ. ಅವರಿಗೆ ಬೇಡವಾಗಿದ್ದುದು ಹೊಸ ಮನೆಯಲ್ಲ. ‘ನಡುವ ಕೆಲಸ ನಿಂತು, ಬಾಡಿಗಿ ಬಂದ್ ಆದ್ರ ಈ ವಯಸ್ಸಿನ್ಯಾಗ ಯಾರ ಮನಿ ಬಾಗಿಲಾಗ ನಿಂದರ್ಲಿ? ಬಾಡಿಗಿ ಮನಿ ಮೂರನೇ ಮಾಳಿಗಿ ಮ್ಯಾಲ ಸಿಕ್ಕರ ಹೆಂಗ ಹತ್ತಲಿ?’ ಅರ್ಧಕ್ಕೆ ನಿಂತ ಕಟ್ಟಡಗಳು ಮುಂಬೈಯಲ್ಲಿ ಕಡಿಮೆಯೇ? ನನ್ನ ಲೆಕ್ಕದ ಕಾಗದದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ನಾನೂ ಅದನ್ನು ಕೇಳದೆಯೇ ಸಹಿ ಹಾಕಿದ್ದೆ.

ಸೊಸೈಟಿ ಸಭೆಯಲ್ಲಿ ಇದನ್ನು ಎತ್ತಿದಾಗ ಗೊಣಗಾಟ ಶುರುವಾಯಿತು. ‘2019ರಿಂದ ಶೇ 51ರಷ್ಟು ಒಪ್ಪಿಗೆ ಇದ್ದರೆ ಸಾಕು, ಒಬ್ಬರಿಗಾಗಿ ಯಾಕೆ ಕಾಯಬೇಕು?’ ಎಂದರು ಒಬ್ಬರು. ಕಾನೂನಿನ ಪ್ರಕಾರ ಅವರ ಮಾತು ಸರಿ. ಆದರೆ ‘ಬಾಡಿಗೆ ನಿಂತರೆ ನೀವು ಏನು ಮಾಡುತ್ತೀರಿ?’ ಎಂದು ಕೇಳಿದೆ. ಸಭೆ ಸುಮ್ಮನಾಯಿತು. ಬಾಡಿಗೆಯನ್ನು ಮುಂಗಡವಾಗಿ ಕೊಡಬೇಕು, ಬ್ಯಾಂಕ್ ಗ್ಯಾರಂಟಿ ಇರಬೇಕು, ವಯಸ್ಸಾದವರಿಗೆ ಇದೇ ಕಾಲೊನಿಯಲ್ಲಿ ನೆಲಮಹಡಿಯ ಮನೆ ಹುಡುಕಿಕೊಡಬೇಕು ಎಂದು ಕರಾರಿನಲ್ಲಿ ಸೇರಿಸಲು ಎಲ್ಲರೂ ಪಟ್ಟುಹಿಡಿದರು. ಮೂರು ತಿಂಗಳು ತಡವಾಯಿತು, ಬಿಲ್ಡರ್ ಒಪ್ಪಿದ.

ಕರಾರಿನ ಪ್ರತಿ ಹಿಡಿದು ಕಾಕೂ ಮನೆಗೆ ಹೋದೆ. ಸಾಲು ಸಾಲಾಗಿ ಓದಿಸಿಕೊಂಡರು. ಕನ್ನಡಕ ಹಾಕಿಕೊಂಡು, ನಿಧಾನವಾಗಿ ಕನ್ನಡದಲ್ಲೇ ಸಹಿ ಹಾಕಿದರು.

ಕಾರ್ಯದರ್ಶಿ ಫೋನ್ ಮಾಡಿ, ‘ಅಂತೂ ಕನ್ವಿನ್ಸ್ ಮಾಡಿಬಿಟ್ಟಿರಿ!’ ಅಂದರು.

‘ಇಲ್ಲ, ಅವರೇ ನಮ್ಮನ್ನು ಮಾಡಿದ್ದು’ ಅಂದೆ.